ಬ್ಯಾಡ್ಜಿನೊಳಗಿನ ಮಣಿಗಳು

ಆ ಸೋಮವಾರ ಬೆಳ್ಳಿ ಜಗಳಕ್ಕೆ ಸಿದ್ಧಳಾಗಿಯೇ ಕೆಲಸಕ್ಕೆ ಬಂದಿದ್ದಳು. ಮುರ್ಡೇಶ್ವರದ ಬೋಟಿನ ಯಜಮಾನರ ಕಡೆಯಿಂದ ಯಾರೋ ಗುಟ್ಟಾಗಿ ಆಸ್ಪತ್ರೆಗೇ ಬಂದು ಹುಡುಗಿಯನ್ನು ನೋಡಿಕೊಂಡು ಹೋಗುತ್ತಾರೆಂದು ಅವ್ವ ಮಾಸ್ತಮ್ಮ ಮೀನಿನ ಬುಟ್ಟಿ ತಲೆಗೇರಿಸುವಾಗ ಹೇಳಿದ್ದಳು. "ಸ್ವಲ್ಪ ನಗ್ತಾ ಇರು," ಎಂದೂ ಸೇರಿಸಿದ್ದಳು. ನಗು ಎಂದು ಯಾರಾದರೂ ಹೇಳಿಕೊಟ್ಟರೆ ಬೆಳ್ಳಿಗೆ ಮೈ ಉರಿಯುತ್ತಿತ್ತು.

ಕುಮಟೆಯ ಆ ಧರ್ಮಾರ್ಥ ಆಸ್ಪತ್ರೆಯಲ್ಲಿ ಎಕ್ಸ್-ರೇ ಕೋಣೆ ಅವಳದು. ಬಾಡದ ಮೀನುಗಾರರ ಕೇರಿಯಿಂದ ಹುಬ್ಬಳ್ಳಿಗೆ ಹೋಗಿ ಕೋರ್ಸು ಮುಗಿಸಿ ಬಂದವಳು. ಹೆಂಗಸರ ಎದೆಯ ಗಂಟು ಹುಡುಕುವ ಹೊಸ ಮಷೀನು ಬಂದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು. ಹೊಸತೆಂದರೆ ಕುಮಟೆಗೆ ಹೊಸತು. ಪರದೇಶದಲ್ಲಿ ಬಳಸಿ ಬಿಟ್ಟದ್ದನ್ನು ಮುಂಬೈಯ ದಾನಿಯೊಬ್ಬರು ಹಡಗಿನಲ್ಲಿ ತರಿಸಿ ಕೊಟ್ಟಿದ್ದರು.

ಬಾಗಿಲಲ್ಲಿ ಒಬ್ಬ ಬಂದು ನಿಂತ. ಎಣ್ಣೆ ಕಾಣದ ಗುಂಗುರು ಕೂದಲು, ಹೆಗಲಿಗೊಂದು ಭಾರವಾದ ಚೀಲ, ಬಸ್ಸಿನ ಧೂಳು ಮೆತ್ತಿದ ಕನ್ನಡಕ.

"ಬೆಳ್ಳಿ ಹರಿಕಂತ್ರ ಅಂದ್ರೆ ನೀವೇ ಅಲ್ವಾ?"

"ನಾನೇ. ನೋಡ್ಕಳಿ." ಅವಳು ಬೆಳಕಿಗೆ ಮುಖ ತಿರುಗಿಸಿ ನಿಂತಳು.

"ಎಂತ ನೋಡೂದು?" ಅವನು ತಬ್ಬಿಬ್ಬಾದ. "ನಾನು ಕೆಲವು ಪ್ರಶ್ನೆ ಕೇಳೂಕೆ ಬಂದದ್ದು."

"ಕೇಳಿ ಹಂಗಾದ್ರೆ."

"ಇತ್ತೀಚೆಗೆ ಸುಸ್ತು ಏನಾದ್ರೂ?"

"ಬಲೆ ಎಳ್ದ ಮನೆಯವಳು. ನಂಗೆ ಸುಸ್ತಾಗೂದಿಲ್ಲ."

"ಕೂದಲು ಉದುರ್ತದಾ?"

ಬೆಳ್ಳಿ ಜಡೆಯನ್ನು ಮುಂದಕ್ಕೆಳೆದು ಅವನ ಮೂಗಿನ ಹತ್ತಿರ ಹಿಡಿದಳು. "ಎಳ್ದು ನೋಡಿ. ಚವರಿ ಹಾಕಿದ್ದಲ್ಲ."

ಅವನು ಎಳೆಯಲಿಲ್ಲ. ಆದರೆ ಜಡೆಯನ್ನು ನೋಡಿದ, ತುದಿಯಿಂದ ಮೇಲಕ್ಕೆ, ಮೆಲ್ಲಗೆ. ನೋಟ ಅವಳ ಕಣ್ಣಿಗೆ ಮುಟ್ಟಿದ ಕೂಡಲೇ ಪೆನ್ನಿನ ಕ್ಯಾಪು ಹುಡುಕತೊಡಗಿದ. "ವಾಂತಿ, ತಲೆಸುತ್ತು?"

"ಮದುವೆಗೆ ಮೊದ್ಲೇ ವಾಂತಿ ಎಂತಕ್ಕೆ ಬತ್ತದೆ? ನಿಮ್ಮ ಮುರ್ಡೇಶ್ವರದಲ್ಲಿ ಹೆಣ್ಣು ನೋಡೂದು ಹಿಂಗೇ?"

ಪೆನ್ನು ಕೆಳಗೆ ಬಿತ್ತು. ಅವನ ಕಿವಿಗಳು ಕೆಂಪಾದವು. "ನಾನು ಮುರ್ಡೇಶ್ವರದವ ಅಲ್ಲ. ಭಟ್ಕಳದವ. ಮುಂಬೈ ಆಫೀಸಿಂದ ಬಂದೆ, ನಿಮ್ಮ ಬ್ಯಾಡ್ಜಿನ ವಿಷಯಕ್ಕೆ."

ಬೆಳ್ಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಜಡೆಯನ್ನು ಹಿಂದಕ್ಕೆ ಎಸೆದದ್ದು ಮಾತ್ರ ಗತ್ತಿನಿಂದಲೇ.

ಅವನ ಹೆಸರು ಕಮಲಾಕರ. ಅಪ್ಪ ಭಟ್ಕಳದ ಅಕ್ಕಸಾಲಿ, ಗುಲಗಂಜಿ ಇಟ್ಟು ಚಿನ್ನ ತೂಗುವವರು. ಮಗ ಕಣ್ಣಿಗೇ ಕಾಣದ ಕಿರಣವನ್ನು ತೂಗುವ ಉದ್ಯೋಗ ಹಿಡಿದಿದ್ದ. ಎಕ್ಸ್-ರೇ ಕೆಲಸದವರು ಎದೆಗೆ ಸಿಕ್ಕಿಸಿಕೊಳ್ಳುವ ಪ್ಲಾಸ್ಟಿಕ್ ಬ್ಯಾಡ್ಜಿನೊಳಗೆ ಚಿಕ್ಕದೊಂದು ಫಿಲ್ಮು ಇರುತ್ತದೆ. ಅದು ಕೆಲವು ತಿಂಗಳಿಗೊಮ್ಮೆ ಮುಂಬೈಗೆ ಹೋಗಬೇಕು. ಫಿಲ್ಮು ಎಷ್ಟು ಕಪ್ಪಾಗಿದೆಯೋ ಅಷ್ಟು ಕಿರಣ ಆ ಮೈಗೆ ತಾಗಿದೆ ಎಂದು ಲೆಕ್ಕ. ಬೆಳ್ಳಿಯ ಫಿಲ್ಮು ವರ್ಷದ ಮಿತಿಯನ್ನು ಎಷ್ಟೋ ಪಾಲು ದಾಟಿತ್ತು.

"ಇನ್ನೊಂದು ವಿಚಿತ್ರ," ಎಂದು ಅವನು ಫಿಲ್ಮನ್ನು ಬೆಳಕಿಗೆ ಹಿಡಿದ. "ಇಲ್ಲಿ ನೋಡಿ, ಒಂದರ ಮೇಲೊಂದು ಬಿಳಿ ಬಿಳಿ ದುಂಡು ನೆರಳು. ನೀರು ಬಿದ್ದದ್ದಾ?"

ಬೆಳ್ಳಿಗೆ ನೋಡಿದ ತಕ್ಷಣ ಗೊತ್ತಾಯಿತು. ಅವು ಲಕ್ಕಿಯ ಮಣಿಗಳು.

"ಇರ್ಬೋದು. ಕಡಲ ಬದಿ ಊರು ಅಲಾ," ಎಂದಳು.

ಮಿರ್ಜಾನದ ಹಾಲಕ್ಕಿ ಹೆಂಗಸು ಲಕ್ಕಿ ಎದೆಯಲ್ಲಿ ಗಂಟಿದೆಯೆಂದು ಬಂದವಳು, ಕತ್ತಿನ ತುಂಬ ಇಳಿಬಿಟ್ಟ ಮಣಿಸರ ಬಿಚ್ಚು ಎಂದ ಕೂಡಲೇ ಎದ್ದು ಹೊರಟಿದ್ದಳು. "ನನ್ನ ಗಂಡ ಚೌಡ ಗಟ್ಟಿಮುಟ್ಟಾಗಿ ಗದ್ದೇಲಿ ಇರೂವಾಗ ಕುತ್ತಿಗೆ ಬರಿದು ಮಾಡ್ಕಳೂದಾ? ಆ ಕಿರಣಕ್ಕೆ ಎದೆ ಕೊಡೂದು ಬೇರೆ." ಬಾಗಿಲ ತನಕ ಹೋದವಳು ಬೆಳ್ಳಿಯ ಬ್ಯಾಡ್ಜು ನೋಡಿ ನಿಂತಳು. "ನೀನು ದಿನಾ ಇಲ್ಲೇ ಇರ್ತೆ, ನಿಂಗೆ ಎಂತ ಆಗ್ಲಿಲ್ಲ. ಆ ತಾಯಿತ ಅದೆಯಲ್ಲ, ಅದ್ಕೇ."

ಅದು ತಾಯಿತವಲ್ಲ ಎಂದು ವಿವರಿಸುತ್ತ ಕೂತಿದ್ದರೆ ಲಕ್ಕಿ ಬಸ್ಸು ಹತ್ತಿಬಿಡುತ್ತಿದ್ದಳು. ಬೆಳ್ಳಿ ಬ್ಯಾಡ್ಜು ತೆಗೆದು ಮಣಿಗಳ ನಡುವೆ ಸಿಕ್ಕಿಸಿ, ಸರಗಳನ್ನು ಭುಜದತ್ತ ಸರಿಸಿ, ಎದೆಯ ಎಕ್ಸ್-ರೇ ತೆಗೆದಳು. ಮೂಲೆಯಲ್ಲಿ ಬಿದ್ದ ನೆರಳನ್ನು ಡಾಕ್ಟರು ಮಣಿಯದೆಂದು ಬಿಟ್ಟರು. ಗಂಟು ಸಣ್ಣದಿರುವಾಗಲೇ ಸಿಕ್ಕಿತು, ಆಪರೇಷನ್ ಆಯಿತು, ಲಕ್ಕಿ ಗದ್ದೆಗೆ ಮರಳಿದಳು. ಆಮೇಲೆ ಆ ಕಡೆಯ ಹೆಂಗಸರೆಲ್ಲ ಬಂದು, "ಲಕ್ಕಿಗೆ ಕಟ್ಟಿದ್ದನ್ನ ನಮ್ಗೂ ಕಟ್ಟು," ಎಂದರು. ಬೆಳ್ಳಿ ಕಟ್ಟಿದಳು.

ಬ್ಯಾಡ್ಜನ್ನು ಬೇರೆಯವರಿಗೆ ಕೊಡಬಾರದೆಂಬುದು ಮೊದಲ ಪಾಠ. ಅದನ್ನು ಮುರಿದೆ ಎಂದರೆ ಕೋಣೆಯ ಬೀಗದ ಕೈ ಹೋಗುತ್ತದೆ. ಆ ಕೋಣೆ ಹೋದರೆ ಉಳಿಯುವುದು ಮುರ್ಡೇಶ್ವರದ ಬೋಟಿನ ಯಜಮಾನರ ಅಡುಗೆಮನೆ. ಬೆಳ್ಳಿ ತುಟಿ ಬಿಗಿದಳು.

ದೊಡ್ಡ ಡಾಕ್ಟರು ಸರೋಜಾ ಅಂದೇ ಆಜ್ಞೆ ಮಾಡಿದರು: ಕಾರಣ ಸಿಗುವ ತನಕ ಬೆಳ್ಳಿ ಮಷೀನಿನ ಹತ್ತಿರ ಹೋಗಬಾರದು, ಸೀಸದ ಗಾಜಿನ ಕಿಟಕಿಯ ಹಿಂದೆ ಮಾತ್ರ ನಿಲ್ಲಬಹುದು. ಹೀಗೆ ಗಾಜಿನ ಆಚೆ ಕಮಲಾಕರ, ಈಚೆ ಬೆಳ್ಳಿ. ಅವನು ಗೋಡೆ ಗೋಡೆಗೆ ಮೀಟರು ಹಿಡಿದು ಕಿರಣ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿದ್ದ.

ಸೋರುತ್ತಿದ್ದದ್ದು ಬೇರೆಯೇ. ನಸು ಹಳದಿ ಗಾಜಿನ ಮೂಲಕ ಅವನು ಮೀಟರು ನೋಡಬೇಕಾದಾಗ ಅವಳನ್ನು ನೋಡುತ್ತಿದ್ದ. ಅವಳು ಗಡಿಯಾರ ನೋಡುವವಳಂತೆ ನಟಿಸುತ್ತಿದ್ದಳು, ಆ ಗೋಡೆಯಲ್ಲಿ ಗಡಿಯಾರವೇ ಇರಲಿಲ್ಲ.

"ಎಷ್ಟು ತೋರಿಸ್ತದೆ?" ಅವಳು ಕೂಗಿ ಕೇಳುತ್ತಿದ್ದಳು.

"ನೋಡ್ಲಿಲ್ಲ. ಇನ್ನೊಂದ್ ಸಲ ನೋಡ್ತೆ."

"ಮುಂಬೈಯವರಿಗೆ ಒಂದೊಂದನ್ನೂ ಎರಡೆರಡ್ ಸಲ ನೋಡ್ಬೇಕಾ?"

"ಎಲ್ಲದನ್ನೂ ಅಲ್ಲ," ಎಂದು ಅವನು ಮೀಟರಿಗೆ ಹೇಳಿದ.

ಊರು ಸುಮ್ಮನಿರುತ್ತದೆಯೇ? ಕೈಗಾದಲ್ಲಿ ಅಣುಸ್ಥಾವರ ಬರುತ್ತದೆಂದು ಜಿಲ್ಲೆಯೆಲ್ಲ ಸಭೆ ಸೇರುತ್ತಿದ್ದ ಕಾಲ ಅದು. ವಿಕಿರಣ ಎಂಬ ಶಬ್ದ ಬಸ್ಸಿನಲ್ಲೂ ಮೀನುಪೇಟೆಯಲ್ಲೂ ಓಡಾಡುತ್ತಿತ್ತು. ಮಾಸ್ತಮ್ಮನ ಮಗಳಿಗೆ ಕಿರಣ ತಾಗಿದೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಸುದ್ದಿಯಾಯಿತು. ಮುರ್ಡೇಶ್ವರದವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ಪೇಟೆಯಲ್ಲಿ ಒಬ್ಬಳು ಮಾಸ್ತಮ್ಮನ ಬುಟ್ಟಿಯ ಮುಂದೆ ಮೂಗು ಮುರಿದಳು.

"ಹೌದೇ ಮಾರಾಯ್ತಿ, ನನ್ನ ಬಂಗಡೆಗೂ ತಾಗದೆ," ಎಂದಳು ಮಾಸ್ತಮ್ಮ. "ರಾತ್ರಿ ದೀಪ ಬ್ಯಾಡ, ಇದ್ರ ಬೆಳಕಲ್ಲೇ ಉಣ್ಬೋದು. ತಗಂಡು ಹೋಗು." ಪೇಟೆಯಲ್ಲಿ ಹಾಗೆ ಹೇಳಿದವಳು ಮನೆಗೆ ಬಂದು ಒಲೆಯ ಮುಂದೆ ಸೆರಗು ಬಾಯಿಗಿಟ್ಟು ಅತ್ತಳು. ಸಂಬಂಧ ತಪ್ಪಿತೆಂದು ಒಳಗೊಳಗೇ ಖುಷಿಪಟ್ಟಿದ್ದ ಬೆಳ್ಳಿಗೆ ಆ ಸಂಜೆ ಅನ್ನ ಇಳಿಯಲಿಲ್ಲ.

ಮರುದಿನ ಸಂಜೆ ಕಮಲಾಕರ ಮೀಟರು ಹಿಡಿದು ಬಾಡದ ಕಡಲ ದಂಡೆಗೇ ಬಂದ. ಬೆಳ್ಳಿ ಒಣಮೀನು ಒಟ್ಟುಮಾಡುತ್ತಿದ್ದಳು.

"ಇಲ್ಲಿ ಎಂತ ಅಳತೆ?"

"ಮರಳಲ್ಲೂ ಸ್ವಲ್ಪ ಕಿರಣ ಇರ್ತದೆ. ನಿಮಗೆ ಇಲ್ಲಿಂದ ಎಷ್ಟು ತಾಗ್ತದೆ ನೋಡ್ವ ಅಂತ."

"ಎಷ್ಟು ತಾಗ್ತದೆ?"

ಅವನು ಮೀಟರನ್ನು ಮಗುಚಿ ಹಾಕಿದ ದೋಣಿಯ ಮೇಲಿಟ್ಟ. "ಮೀಟರು ಹಾಕ್ಲೇ ಇಲ್ಲ. ಸುಳ್ಳು ಹೇಳೂಕೆ ಬರೂದಿಲ್ಲ ನಂಗೆ. ನಿಮ್ಮನ್ನ ನೋಡೂಕೆ ಬಂದೆ. ಹೆಣ್ಣು ನೋಡೂಕೆ ಬಂದವ ಅಂದ್ರಲ್ಲ ಮೊದಲ ದಿನ, ಹಂಗೇ ಅಂದ್ಕಳಿ. ನಂಗೆ ನೀವು ಬೇಕು."

ಅಲೆ ಬಂದು ಅವನ ಚಪ್ಪಲಿ ನೆನೆಸಿ ಹೋಯಿತು. ಬೆಳ್ಳಿ ಕೈಯಲ್ಲಿದ್ದ ಒಣಮೀನು ಕೆಳಗಿಟ್ಟಳು, ದನಿ ಮಾತ್ರ ಗಡುಸಾಗಿಯೇ ಬಂತು. "ಆ ಕಿರಣ ಎಲ್ಲಾ ನನ್ನ ಮೈಗೇ ತಾಗದೆ ಅಂದ್ಕಂಡೂ ಕೇಳ್ತೀರಾ?"

"ಹೌದು."

"ಮಕ್ಳಾಗ್ಲಿಕ್ಕಿಲ್ಲ ಅಂತದೆ ಊರು. ನಾಳೆ ಕಾಯಿಲೆ ಬಂದ್ರೆ?"

"ಊರಿಗೆ ಲೆಕ್ಕ ಗೊತ್ತಿಲ್ಲ. ನಂಗೆ ಗೊತ್ತದೆ, ಹೆದರಿಕೆನೂ ಅದೆ. ಬಂದ್ರೆ ಇಬ್ರೂ ನೋಡ್ಕಂಬ. ನಂಗೆ ಬೇಕಾದದ್ದು ನೀವು, ನಿಮ್ಮ ರಿಪೋರ್ಟು ಅಲ್ಲ."

ಇಂಥವನ ಮುಂದೆ ಇನ್ನು ಒಂದು ಗಳಿಗೆಯೂ ಸುಳ್ಳು ಉಳಿಸಿಕೊಳ್ಳಲು ಬೆಳ್ಳಿಗೆ ಮನಸ್ಸಾಗಲಿಲ್ಲ. ಲಕ್ಕಿ ಪ್ರೀತಿಯಿಂದ ಕೊಟ್ಟಿದ್ದ ಒಂದೆಳೆ ಮಣಿಸರ ಕೊರಳಲ್ಲಿತ್ತು. ಅದರ ದಾರ ಹರಿದು ಒಂದು ಮಣಿಯನ್ನು ಅವನ ಅಂಗೈಯಲ್ಲಿಟ್ಟಳು. "ಆ ಫಿಲ್ಮಿನ ಮೇಲೆ ಇಟ್ಟು ನೋಡಿ."

ಅವನು ಜೇಬಿನಿಂದ ಫಿಲ್ಮು ತೆಗೆದ. ಬಿಳಿ ನೆರಳಿನ ಮೇಲೆ ಮಣಿ ಸರಿಯಾಗಿ ಕೂತಿತು.

ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಅವನ ಮುಖ ಮೊದಲು ಅರಳಿತು. "ಹಂಗಾದ್ರೆ ನಿಮಗೆ ತಾಗ್ಲೇ ಇಲ್ಲ," ಎಂದು ಅವಳ ಕೈ ಹಿಡಿದ. ಮರುಗಳಿಗೆಯೇ ಕೈ ಬಿಟ್ಟು ಫಿಲ್ಮನ್ನು ಮತ್ತೆ ನೋಡಿದ. "ಬೆಳ್ಳಿ, ಹಂಗಾದ್ರೆ ಅದೆಲ್ಲ ಅವರ ಎದೆಗೆ ಬಿದ್ದದ್ದು. ಎಷ್ಟು ಜನಕ್ಕೆ ಹಂಚಿದ್ರೂ ಅಷ್ಟೊಂದು ಬೀಳೂಕಿಲ್ಲ."

ಅವಳು ದೋಣಿಗೆ ಒರಗಿದಳು. "ಕೆಲ್ಸ ಹೋಗ್ತದೆ ಅಂತ ಸುಮ್ಮನಿದ್ದೆ. ಅವರಿಗೆ ಹೆಚ್ಚು ಬೀಳ್ತದೆ ಅಂತ ಗೊತ್ತಿದ್ರೆ ಸುಮ್ಮನಿರ್ತಿದ್ನಾ?"

"ಗೊತ್ತು," ಎಂದ ಅವನು. "ನಾಳೆ ಬೆಳಿಗ್ಗೆ ಅಳೀವ. ನೀವೂ ಒಳಗೇ ಬನ್ನಿ."

ಬೆಳಿಗ್ಗೆ ಅವನು ಚೀಲದಿಂದ ಅಕ್ರಿಲಿಕ್ ಹಲಗೆಗಳನ್ನು ತೆಗೆದ. ಮಷೀನಿನ ಮಟ್ಟಿಗೆ ಅದೇ ಹೆಂಗಸಿನ ಎದೆ. ಆದರೆ ಎಷ್ಟು ಹಲಗೆ ಜೋಡಿಸಬೇಕು? ಪುಸ್ತಕದಲ್ಲಿದ್ದದ್ದು ಪರದೇಶದ ಹೆಂಗಸರ ಅಳತೆ. ಅವನು ಕೆಮ್ಮಿದ, ಕನ್ನಡಕ ಒರೆಸಿದ. "ಇಲ್ಲಿಯವರದ್ದು... ಅಂದ್ರೆ, ಒತ್ತಿದ ಮೇಲೆ... ದಪ್ಪ..."

ಬೆಳ್ಳಿ ಅವನನ್ನು ಸ್ವಲ್ಪ ಹೊತ್ತು ಹಾಗೇ ಒದ್ದಾಡಲು ಬಿಟ್ಟಳು. ಆಮೇಲೆ ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದಳು. "ಇಷ್ಟು. ಗದ್ದೆ ಕೆಲ್ಸದವರದ್ದು ಇನ್ನೂ ತೆಳು. ಮುಖ ಕೆಂಪಾತು ನೋಡಿ, ಯಾರದ್ದಾದ್ರೂ ಬ್ಯಾಡ್ಜು ಬೇಕಾ?"

ಹಲಗೆಯ ಮೇಲೆ ಅಳೆಯುವ ಚೇಂಬರ್ ಇಟ್ಟು ಅವನು ಕಿರಣ ಬಿಟ್ಟ. ಚರ್ಮಕ್ಕೆ ಬಿದ್ದದ್ದು ಒಂದು ಲೆಕ್ಕ, ಒಳಗಿನ ಹಾಲಿನ ಗ್ರಂಥಿಗೆ ತಲುಪಿದ್ದು ಇನ್ನೊಂದು. ಅಪಾಯವನ್ನು ಹೇಳುವುದು ಎರಡನೆಯದು, ಅದನ್ನು ನೇರ ಅಳೆಯಲು ಬರುವುದಿಲ್ಲ, ಮೇಲಿನದರಿಂದ ಅಂದಾಜು ಕಟ್ಟಬೇಕು ಎಂದು ಹೇಳಿದ.

"ಬಿಸಿಲಿಗೆ ಹಾಕಿದ ಮೀನಿನ ಹಂಗೆ," ಎಂದಳು ಬೆಳ್ಳಿ. "ಮೇಲೆ ಕರಕಲಾಗದೆ ಅಂತ ಒಳಗೆ ಅಷ್ಟೇ ಒಣಗಿರೂದಿಲ್ಲ."

"ಹಂಗೇ. ಆದ್ರೆ ನಮ್ಮಲ್ಲಿ ಒಳಗೂ ಹೆಚ್ಚೇ ಆಗದೆ." ಕಾಗದದ ಮೇಲಿನ ಲೆಕ್ಕ ಇರಬೇಕಾದ್ದರ ನಾಲ್ಕು ಪಾಲಿನ ಹತ್ತಿರ ಬಂದಿತ್ತು. ಅವನು ಮಷೀನಿನ ತಲೆ ಬಿಚ್ಚಿದ. ಕಿರಣ ಹೊರಡುವ ಬಾಯಿಗೆ ಕೂದಲೆಳೆಗಿಂತ ತೆಳುವಾದ ಒಂದು ಲೋಹದ ಹಾಳೆ ಇರಬೇಕಿತ್ತು. ಫಿಲ್ಮಿಗೆ ಮುಟ್ಟದೆ ಮೈಯಲ್ಲೇ ಇಂಗಿಹೋಗುವ ಕಿರಣವನ್ನು ತಡೆಯುವುದು ಅದರ ಕೆಲಸ. ಅಲ್ಲಿ ಹಾಳೆ ಕೂರುವ ಜಾಗ ಮಾತ್ರ ಇತ್ತು. ಹಡಗಿಗೆ ಹತ್ತಿಸುವಾಗ ಬಿತ್ತೋ, ಅದಕ್ಕೂ ಮೊದಲೇ ಯಾರು ತೆಗೆದರೋ ತಿಳಿಯದು.

ಡಾಕ್ಟರ್ ಸರೋಜಾ ಕೇಳಿ ತಲೆ ಹಿಡಿದು ಕೂತರು. ಭಾನುವಾರ ದಾನಿಗಳು ಬರುವವರಿದ್ದರು, ಚಪ್ಪರಕ್ಕೆ ಕಂಬ ನೆಟ್ಟಾಗಿತ್ತು. "ಹಾಳೆ ತರಿಸಿ ಹಾಕಿಬಿಡಿ, ಸದ್ದಿಲ್ಲದೆ. ಬ್ಯಾಡ್ಜು ನೀರಿಗೆ ಬಿದ್ದು ಹಾಳಾಗಿತ್ತು ಅಂತ ಬರೀರಿ. ಬೆಳ್ಳಿ ನಾಳೆಯಿಂದ್ಲೇ ಕೋಣೆಗೆ ಬರ್ಲಿ. ಯಾರಿಗೂ ನಷ್ಟ ಇಲ್ಲ."

ಬೀಗದ ಕೈ ಮೇಜಿನ ಮೇಲೆ, ಅವಳ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಬೆಳ್ಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು.

"ನಾನು ಸುಳ್ಳು ಬರೆಯೂದಿಲ್ಲ," ಎಂದ ಕಮಲಾಕರ. ಆಮೇಲೆ ಅವಳತ್ತ ತಿರುಗಿ, "ನಿಜ ಬರೆದ್ರೆ ಬ್ಯಾಡ್ಜು ಕೊಟ್ಟ ತಪ್ಪು ನಿಮ್ಮ ಮೇಲೆ ಬತ್ತದೆ," ಎಂದು ಸಣ್ಣ ದನಿಯಲ್ಲಿ ಹೇಳಿದ.

"ಬರ್ಲಿ. ನನ್ನ ತಪ್ಪಿಗೆ ನಾನೇ ವಾರಸುದಾರಳು." ಅವಳು ಎದ್ದು ನಿಂತಳು. "ಆದ್ರೆ ಡಾಕ್ಟ್ರೇ, ನನ್ನ ಮೈಗೆ ಅಂದ್ಕಂಡಾಗ ಊರೆಲ್ಲ ಸುದ್ದಿ ಆತು. ಲಕ್ಕಕ್ಕನ ಮೈಗೆ ಅಂತ ಗೊತ್ತಾದ ಮೇಲೆ ಸದ್ದಿಲ್ಲದೆ ಅಂತೀರಿ. ನಾನು ಹೇಳೂಕೆ ಹೋಗ್ತೆ. ಬೀಗದ ಕೈ ನಿಮ್ಮ ಹತ್ರನೇ ಇರ್ಲಿ."

ಇಬ್ಬರೂ ಮಿರ್ಜಾನದ ಬಸ್ಸು ಹಿಡಿದರು. ತಿರುವುಗಳಲ್ಲಿ ಅವನು ಅವಳಿಗೆ ಭುಜ ಕೊಟ್ಟ.

ಲಕ್ಕಿ ಬಸಳೆ ಚಪ್ಪರದ ಕೆಳಗೆ ಕೂತು ಪೂರ್ತಿ ಕೇಳಿದಳು. ಚೌಡನೂ ಕೈ ಕೆಲಸ ಬಿಟ್ಟು ಬಂದು ನಿಂತ. "ಸಾಯ್ತೆನಾ ಈಗ?" ಎಂದಳು ಲಕ್ಕಿ.

"ಇಲ್ಲ," ಎಂದ ಕಮಲಾಕರ. "ಅಷ್ಟರಿಂದ ಸಾಯೂದಿಲ್ಲ. ಆದ್ರೆ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟದ್ದು ಹೌದು. ಅಷ್ಟು ಕೊಡ್ಬಾರ್ದಿತ್ತು."

"ಆ ತಾಯಿತ?"

"ಅದು ಕಾಯೂದಿಲ್ಲ ಲಕ್ಕಕ್ಕ," ಎಂದಳು ಬೆಳ್ಳಿ. "ಎಷ್ಟು ತಾಗ್ತು ಅಂತ ಹೇಳ್ತದೆ, ಅಷ್ಟೇ. ನೀನು ಓಡಿಹೋಗ್ತೆ ಅಂತ ನಾನು ಸುಮ್ಮನೆ ಕಟ್ಟಿದೆ."

ಲಕ್ಕಿ ಅವಳತ್ತ ತಿರುಗಿದಳು. "ಮೋಸ ಮಾಡ್ದೆ ನೀನು."

"ಹೌದು."

"ನೀ ಮೋಸ ಮಾಡದಿದ್ರೆ ನಾ ಓಡ್ಹೋಗ್ತಿದ್ದೆ. ಆ ಗಂಟು ಈಗ ನನ್ನ ತಿಂದು ಹಾಕ್ತಿತ್ತು." ಎಲೆ ಅಡಿಕೆಯನ್ನು ದವಡೆಯ ಮತ್ತೊಂದು ಬದಿಗೆ ಸರಿಸಿದಳು. "ಸಾರಿಗೆ ಉಪ್ಪು ಹೆಚ್ಚಾತು ಅಂತ ಒಲೆ ಒಡೀತಾರಾ? ಮುಂದಿನ ಸಲ ನೋಡ್ಕಂಡು ಹಾಕು. ಆದ್ರೆ ಹಾಕೂದು ನೀನೇ ಆಗ್ಬೇಕು. ಹೇಳೂಕೆ ಬಂದವಳು ನೀನೊಬ್ಳೇ."

ಭಾನುವಾರ ಚಪ್ಪರದ ಮುಂದಿನ ಸಾಲಿನಲ್ಲಿ, ದಾನಿಗಳ ಮನೆಯವರಿಗೆಂದು ಕಾದಿರಿಸಿದ್ದ ಕುರ್ಚಿಗಳಲ್ಲಿ, ಮಿರ್ಜಾನದ ಹಾಲಕ್ಕಿ ಹೆಂಗಸರು ಮಣಿಸರ ಇಳಿಬಿಟ್ಟು ಕೂತಿದ್ದರು. ಏಳಿ ಎಂದವರಿಗೆ ಕಿವಿ ಕೇಳದವರಂತೆ ನಕ್ಕರು. ಭಾಷಣ ಶುರುವಾಗುವ ಮೊದಲೇ ಲಕ್ಕಿ ಎದ್ದಳು. "ಒಡೆಯಾ, ನೀವು ಕೊಟ್ಟ ಮಷೀನು ನನ್ನ ಜೀವ ಉಳಿಸ್ತು, ಕೈ ಮುಗೀತೆ. ಅದ್ರಲ್ಲೊಂದು ಹಾಳೆ ಇಲ್ವಂತೆ, ನಮಗೆ ಹೆಚ್ಚು ತಾಗ್ತಂತೆ. ಆ ಹಾಳೆ ಹಾಕ್ಸಿ. ಈ ಹುಡುಗಿಯ ಕೈಗೆ ಬೀಗದ ಕೈ ಕೊಡಿ. ಎರಡೂ ಆಗೂ ತನಕ ನಮ್ಮ ಕಡೆಯ ಒಂದು ಹೆಣ್ಣೂ ಇಲ್ಲಿ ಎದೆ ಒಡ್ಡೂದಿಲ್ಲ."

ದಾನಿಗಳು ಡಾಕ್ಟರತ್ತ ನೋಡಿದರು. ಡಾಕ್ಟರ್ ಸರೋಜಾ ಕೆಟ್ಟವರಲ್ಲ, ಹೆದರಿದ್ದರು. ಅವರು ಮೈಕಿನ ಮುಂದೆ ಹೋಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ಬ್ಯಾಡ್ಜು ಕೊಟ್ಟದ್ದಕ್ಕೆ ಬೆಳ್ಳಿಗೆ ಎಚ್ಚರಿಕೆ, ಹಾಳೆ ಬಂದ ದಿನ ಬೀಗದ ಕೈ ಎಂದರು. ಎಲ್ಲರಿಗಿಂತ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಮಾಸ್ತಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಕಮಲಾಕರ ಅಂದೇ ಹೊರಟ. ಬಸ್ಸಿನ ಕಿಟಕಿಯಲ್ಲಿ, "ಉತ್ತರ ಕೊಡ್ಲೇ ಇಲ್ಲ ನೀವು," ಎಂದ.

"ಹಾಳೆ ತಗಂಡು ಬನ್ನಿ. ಆಮೇಲೆ ನೋಡ್ವ."

ಮಳೆ ಹಿಂದಾದ ಮೇಲೆ ಅವನು ಬಂದ. ಹಾಳೆ ಕೂರಿಸಿ, ಹಲಗೆ ಜೋಡಿಸಿ, ಮತ್ತೆ ಅಳೆದರು. ಲೆಕ್ಕ ಇರಬೇಕಾದಲ್ಲಿಗೆ ಇಳಿಯಿತು. ಕಿರಣ ತಾಗಿತೆಂದು ಒಲೆಯ ಮುಂದೆ ಅತ್ತಿದ್ದ ಮಾಸ್ತಮ್ಮನೇ ಎಲ್ಲರಿಗಿಂತ ಮೊದಲು ಮಷೀನಿನ ಮುಂದೆ ಬಂದು ನಿಂತಳು. "ನನ್ನ ಮಗಳ ಕೈ. ಹೆದ್ರೂದೆಂತಕ್ಕೆ?" ಎಂದಳು, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡೇ ಇದ್ದಳು.

ಅವ್ವ ಹೊರಗೆ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಬೆಳ್ಳಿ ಬಾಗಿಲಿಗೆ ಒರಗಿ ಕೈಕಟ್ಟಿದಳು. "ಕೆಲವು ಪ್ರಶ್ನೆ ಕೇಳೂದದೆ. ಸುಸ್ತು ಆಗ್ತದಾ?"

ಅವನಿಗೆ ಅರ್ಥವಾಯಿತು. ನೆಟ್ಟಗೆ ನಿಂತ. "ಮನೇಲಿ ಜಗಳ ಆಡಿ ಸ್ವಲ್ಪ."

"ಕೂದಲು ಉದುರ್ತದಾ?"

"ಆಯಿ ಹಿಡ್ದು ಎಳ್ದದ್ದಕ್ಕೆ ನಾಲ್ಕು ಹೋತು."

"ಎಂತ ಅಂದ್ರು ನಿಮ್ಮ ಅವ್ವ?"

"ಮೀನುಗಾರರ ಹುಡುಗಿ ಬೇಡ ಅಂದ್ರು. ದಿನಾ ಮೀನು ತಿನ್ನೂಕೆ ಆಗ್ತದೆ, ಹಿಡಿದವರ ಮಗಳು ಆಗೂದಿಲ್ವಾ ಅಂದೆ. ಎರಡು ದಿನ ಮಾತಾಡ್ಲಿಲ್ಲ. ಆಮೇಲೆ, ಆ ಎಕ್ಸ್-ರೇ ಬಿಟ್ಟು ಬತ್ತಳಾದ್ರೆ ಬರ್ಲಿ ಅಂದ್ರು."

ಬೆಳ್ಳಿಯ ಕೈ ತಾನಾಗಿ ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿತು. "ನೀವು ಎಂತ ಅಂದ್ರಿ?"

"ಅವಳು ಬಿಡೂದಿಲ್ಲ ಅಂದೆ. ಬಿಟ್ರೆ ನಂಗೇ ಬೇಡ ಅಂದೆ. ನಾನೇ ಮುಂಬೈ ಬಿಡ್ತೆ. ಮಂಗಳೂರಿನ ಆಸ್ಪತ್ರೇಲಿ ಕೆಲ್ಸ ಅದೆ, ಶನಿವಾರ ಬಸ್ಸು ಹತ್ತಿದ್ರೆ ರಾತ್ರಿಗೆ ಬಾಡ." ಅವನು ಜೇಬಿನಿಂದ ಹೊಸ ಬ್ಯಾಡ್ಜು ತೆಗೆದು ಮುಂದೆ ಹಿಡಿದ. "ಇದನ್ನ ಇನ್ನು ಯಾರಿಗೂ ಕಟ್ಟೂಕಿಲ್ಲ."

ಅವಳು ತೆಗೆದುಕೊಳ್ಳಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ನಿಂತಳು, ಅವನೇ ಸಿಕ್ಕಿಸಲಿ ಎಂದು. ಕಾಣದ ಕಿರಣವನ್ನು ತೂಗುವ ಆ ಕೈ ಒಂದು ಪಿನ್ನು ಹಾಕಲಾರದೆ ಎರಡು ಸಲ ತಪ್ಪಿತು. ಬೆಳ್ಳಿ ಅದನ್ನು ತನ್ನ ಕೈಯಿಂದ ಹಿಡಿದು ಸರಿಯಾದ ಜಾಗಕ್ಕೆ ತಂದಳು. ಬ್ಯಾಡ್ಜು ಕೂತಿತು.

"ಆತು," ಎಂದಳು.